ಚೇಳಿನ ವಿಷವೂ ರಕ್ತನಾಳಗಳ ಸಂಕೋಚನವೂ

ಮಂಡ್ಯ ಜಿಲ್ಲೆಯೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಕಾವೇರಿಯ ನಾಲೆ, ಬತ್ತದ ಗದ್ದೆ, ಕಬ್ಬಿನ ಹೊಲ. ಆದರೆ ಅದೇ ಜಿಲ್ಲೆಯ ಉತ್ತರ ಭಾಗದಲ್ಲಿರುವ ನಾಗಮಂಗಲ ತಾಲ್ಲೂಕು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡಿರುವ ಬೆದ್ದಲು ನೆಲ. ಆ ತಾಲ್ಲೂಕಿನ ಹೊಣಕೆರೆ ಹೋಬಳಿಯ ಕಡೆ ಹೋದವರಿಗೆ ಕೆಮ್ಮಣ್ಣಿನ ಹೊಲಗಳು, ಬದುವಿನ ಕಲ್ಲುಗುಪ್ಪೆಗಳು, ರಾಗಿಹುಲ್ಲಿನ ಮೆದೆಗಳು, ಮನೆಯ ಹಿತ್ತಲಿನ ಸೌದೆಯ ಒಟ್ಟಿಲುಗಳು ಕಾಣಸಿಗುತ್ತವೆ. ಇವೆಲ್ಲ ರೈತನ ಸಂಸಾರಕ್ಕೆ ಬೇಕಾದವು, ಚೇಳಿಗೂ ಬೇಕಾದವು. ಬೇಸಗೆಯ ಸೆಕೆಯಲ್ಲಿ, ಭರಣಿ ಮಳೆ ಬೀಳುವ ದಿನಗಳಲ್ಲಿ, ಕತ್ತಲಾದ ಮೇಲೆ ಒಟ್ಟಿಲಿಗೆ ಕೈ ಹಾಕಿದವರು, ಬರಿಗಾಲಲ್ಲಿ ಹಿತ್ತಲಿಗೆ ಹೋದವರು ಚೇಳಿನ ಕೊಂಡಿಗೆ ಸಿಕ್ಕುವುದು ಇಂಥ ಸೀಮೆಯಲ್ಲಿ ಹೊಸ ಸಂಗತಿಯಲ್ಲ.

ಚೇಳುಗಳಲ್ಲಿ ನಮ್ಮ ಜನ ಎರಡು ಬಗೆಯನ್ನು ಮುಖ್ಯವಾಗಿ ಗುರುತಿಸುವರು. ಕರಿಯ ಚೇಳು ಗಾತ್ರದಲ್ಲಿ ದೊಡ್ಡದು, ಅದರ ಇಕ್ಕಳಗಳು ದಪ್ಪ, ನೋಡಲು ಭಯಂಕರ. ಕೆಂಪು ಚೇಳು ಚಿಕ್ಕದು, ಇಕ್ಕಳಗಳು ಸಣ್ಣವು, ಬಾಲವು ಮಾತ್ರ ಪುಷ್ಟವಾಗಿರುವುದು. ನೋಟದಿಂದ ಅಳೆದವರು ಮೋಸಹೋಗುವರು. ಕರಿಯ ಚೇಳಿನ ಕುಟುಕು ನೋವನ್ನು ಕೊಡುವುದಾದರೂ ಸಾಮಾನ್ಯವಾಗಿ ಪ್ರಾಣವನ್ನು ತೆಗೆಯುವುದಿಲ್ಲ. ಪ್ರಾಣಿಶಾಸ್ತ್ರಜ್ಞರು ಹಿಂದೆ ಬ್ಯೂತಸ್ ತಮುಲಸ್ ಎಂದೂ ಈಗ ಹೊಟೆಂಟೋಟ ತಮುಲಸ್ ಎಂದೂ ಕರೆಯುವ ಕೆಂಪು ಚೇಳು, ಕರ್ನಾಟಕವೂ ಸೇರಿದಂತೆ ದಖ್ಖನ್ನಿನ ಒಣ ಭಾಗಗಳಲ್ಲಿ ಮತ್ತು ಕೊಂಕಣ ತೀರದಲ್ಲಿ ವಾಸಿಸುವುದು. ಅದರ ಕುಟುಕು, ವಿಶೇಷವಾಗಿ ಮಕ್ಕಳಲ್ಲಿ, ಕೆಲವೇ ಗಂಟೆಗಳಲ್ಲಿ ಮರಣಕ್ಕೆ ಕಾರಣವಾಗಬಲ್ಲುದು.

ಆ ಮರಣ ಹೇಗೆ ಸಂಭವಿಸುವುದೆಂಬುದು ಶರೀರಕ್ರಿಯಾಶಾಸ್ತ್ರದ ವಿದ್ಯಾರ್ಥಿಗೆ ಅತ್ಯಂತ ಬೋಧಪ್ರದವಾದ ವಿಷಯ. ವಿಷವೆಂದರೆ ಅಂಗಾಂಗಗಳನ್ನು ನೇರವಾಗಿ ಕೊಲ್ಲುವ ವಸ್ತುವೆಂದು ನಾವು ಭಾವಿಸುವುದು ರೂಢಿ. ಕೆಂಪು ಚೇಳಿನ ವಿಷದ ಮಾತು ಹಾಗಲ್ಲ. ಅದು ಮಾಡುವ ಮುಖ್ಯ ಕೆಲಸವೆಂದರೆ, ಶರೀರವು ತನ್ನ ರಕ್ತನಾಳಗಳನ್ನು ಹದವರಿತು ಬಿಗಿಗೊಳಿಸಲು ದಿನನಿತ್ಯವೂ ಬಳಸುವ ರಾಸಾಯನಿಕ ಸಂದೇಶಗಳನ್ನೇ ಎಲ್ಲೆ ಮೀರಿ ಹೊರಡಿಸುವುದು. ರೋಗಿಯನ್ನು ಮುಖ್ಯವಾಗಿ ಕೆಡವುವುದು ಅವನದೇ ಶರೀರದ ಮಾತು. ಈ ಅಂಶ ತಿಳಿದ ಮೇಲೆಯೇ ಅದಕ್ಕೆ ತಕ್ಕ ಚಿಕಿತ್ಸೆಯೂ ದೊರೆಯಿತು. ಆ ಮಾತು ಯಾವುದು, ರಕ್ತನಾಳಗಳು ಅದನ್ನು ಹೇಗೆ ಕೇಳುವುವು, ಅದನ್ನು ತಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಹೃದಯದಿಂದ ಹೊರಟ ರಕ್ತ ದೊಡ್ಡ ಅಪಧಮನಿಗಳ ಮೂಲಕ ಹರಿದು, ಕವಲೊಡೆದು, ಕೊನೆಗೆ ಕೂದಲಿಗಿಂತಲೂ ಸಣ್ಣವಾದ ಲೋಮನಾಳಗಳನ್ನು ಸೇರುವುದು. ಲೋಮನಾಳಗಳಿಗೆ ಸ್ವಲ್ಪ ಮೊದಲು ಬರುವ ಕಿರು ಅಪಧಮನಿಗಳೇ ನಮ್ಮ ಪ್ರಕೃತ ವಿಷಯದ ನಾಯಕರು. ಇವುಗಳ ಗೋಡೆಯಲ್ಲಿ ಮೃದುಸ್ನಾಯುವಿನ ಜೀವಕೋಶಗಳು ಬಳೆಯಂತೆ ಸುತ್ತಿಕೊಂಡಿವೆ. ಬಳೆ ಬಿಗಿದರೆ ನಾಳ ಕಿರಿದಾಗುವುದು, ಸಡಿಲಿದರೆ ಹಿಗ್ಗುವುದು. ನಾಲೆಯ ತೂಬಿನಿಂದ ಯಾವ ಗದ್ದೆಗೆ ಎಷ್ಟು ನೀರೆಂದು ನಿಶ್ಚಯವಾಗುವಂತೆ ಯಾವ ಅಂಗಕ್ಕೆ ಎಷ್ಟು ರಕ್ತವೆಂಬುದು ಇಲ್ಲಿ ನಿಶ್ಚಯವಾಗುವುದು. ತೂಬಿನ ಹೋಲಿಕೆಗೆ ಒಂದು ತಿದ್ದುಪಡಿ ಬೇಕು. ತೂಬನ್ನು ಅರ್ಧ ಮುಚ್ಚಿದರೆ ನೀರು ಸುಮಾರು ಅರ್ಧವಾಗುವುದೆಂದು ನಾವು ಎಣಿಸುತ್ತೇವೆ. ಸಣ್ಣ ಕೊಳವೆಗಳಲ್ಲಿ ಹಾಗಾಗುವುದಿಲ್ಲ. ಪ್ವಾಸೆಯಿ ಎಂಬ ಫ್ರೆಂಚ್ ವೈದ್ಯನು 19ನೆಯ ಶತಮಾನದ ಮಧ್ಯಭಾಗದಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ದ್ರವಗಳನ್ನು ಹರಿಸಿ, ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದೆಂದು ತೋರಿಸಿದನು. ತ್ರಿಜ್ಯ ಅರ್ಧವಾದರೆ ಪ್ರತಿರೋಧ 16 ಪಟ್ಟು ಏರುವುದು. ತ್ರಿಜ್ಯದಲ್ಲಿ ಹತ್ತರಲ್ಲೊಂದು ಪಾಲು ಕಡಮೆಯಾದರೂ ಸಾಕು, ಅದೇ ಒತ್ತಡದಲ್ಲಿ ಹರಿವಿನ ಮೂರರಲ್ಲೊಂದು ಪಾಲು ನಷ್ಟವಾಗುವುದು. ಆದುದರಿಂದ ರಕ್ತನಾಳದ ಸ್ನಾಯುವಿಗೆ ಬರುವ ಅತ್ಯಲ್ಪ ಸಂದೇಶವೂ ಅಲ್ಪ ಪರಿಣಾಮದಲ್ಲಿ ಮುಗಿಯುವುದಿಲ್ಲ. ಪ್ರಕೃತಿ ಇಷ್ಟು ಸೂಕ್ಷ್ಮವಾದ ಹಿಡಿಯನ್ನು ಮಾಡಿಟ್ಟಿರುವುದರಲ್ಲಿ ಅನುಕೂಲವೂ ಇದೆ, ಅಪಾಯವೂ ಇದೆ.

ಈ ಹಿಡಿಯನ್ನು ತಿರುಗಿಸುವ ಕೈ ಯಾವುದು? ಕ್ಲಾಡ್ ಬರ್ನಾರನು 1851ರ ಸುಮಾರಿನಲ್ಲಿ ಮೊಲದ ಕತ್ತಿನಲ್ಲಿ ಹೋಗುವ ಅನುವೇದನಾ ನರವನ್ನು ಒಂದು ಪಕ್ಕದಲ್ಲಿ ಕತ್ತರಿಸಿದಾಗ ಆ ಪಕ್ಕದ ಕಿವಿ ಕೆಂಪಾಗಿ ಬೆಚ್ಚಗಾಯಿತು. ನರ ಕಡಿದರೆ ಅಂಗ ತಣ್ಣಗಾಗಬಹುದೆಂಬ ಸಾಮಾನ್ಯ ನಿರೀಕ್ಷೆಗೆ ಇದು ವಿರುದ್ಧವಾಗಿತ್ತು. ಮರುವರ್ಷ ಬ್ರೌನ್-ಸೆಕಾರನು ಕಡಿದ ನರದ ತುದಿಯನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಕಿವಿ ಮತ್ತೆ ಬಿಳಚಿಕೊಂಡು ತಣ್ಣಗಾಯಿತು. ಅಂದರೆ ರಕ್ತನಾಳಗಳು ಸಹಜ ಸ್ಥಿತಿಯಲ್ಲಿಯೂ ನರಗಳ ಒಂದು ನಿರಂತರವಾದ ಮೆಲುದನಿಗೆ ಓಗೊಟ್ಟು ಅರೆಬಿಗಿಯಾಗಿಯೇ ಇರುತ್ತವೆ. ದನಿ ನಿಂತರೆ ಸಡಿಲುವುವು, ಏರಿದರೆ ಬಿಗಿಯುವುವು.

ನರದ ತುದಿಗೂ ಸ್ನಾಯುವಿಗೂ ನಡುವೆ ಅತಿ ಕಿರಿದಾದ ಒಂದು ಸಂದಿಯಿದೆ. ಅದನ್ನು ದಾಟುವುದು ವಿದ್ಯುತ್ತೋ ರಸಾಯನವೋ ಎಂಬ ವಿವಾದ ಬಹುಕಾಲ ನಡೆಯಿತು. 1894–95ರಲ್ಲಿ ಆಲಿವರ್ ಮತ್ತು ಶೇಫರ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು, ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಸಾರವನ್ನು ಪ್ರಾಣಿಯ ರಕ್ತಕ್ಕೆ ಸೇರಿಸಿದರೆ ಒತ್ತಡ ಆಶ್ಚರ್ಯಕರವಾಗಿ ಏರುವುದೆಂದು ವರದಿಮಾಡಿದರು. 1901ರಲ್ಲಿ ತಕಾಮಿನೆ ಎಂಬ ಜಪಾನೀ ರಸಾಯನಶಾಸ್ತ್ರಜ್ಞನು ಆ ಸಾರದೊಳಗಿನ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಅಡ್ರಿನಲಿನ್ ಎಂದು ಹೆಸರಿಟ್ಟನು. ನರದ ತುದಿಯಿಂದ ಹೊರಬೀಳುವುದು ಇದೇ ಇರಬಹುದೇ ಎಂಬ ಊಹೆ 1904ರಷ್ಟು ಹಿಂದೆಯೇ ಎಲಿಯಟ್ ಎಂಬ ತರುಣನಿಗೆ ಹೊಳೆದಿತ್ತು. ಊಹೆ ಬಹುಪಾಲು ಸರಿ. ಆದರೆ ವಸ್ತು ಒಂದು ಅಣುಗುಂಪಿನಷ್ಟು ಬೇರೆ. ಸ್ವೀಡನ್ನಿನ ಫಾನ್ ಆಯ್ಲರನು 1946ರಲ್ಲಿ ಅನುವೇದನಾ ನರಗಳ ಸಂದೇಶವಾಹಕ ನಾರ್‌ಅಡ್ರಿನಲಿನ್ ಎಂದು ಸ್ಥಾಪಿಸಿದನು. ಅಡ್ರಿನಲಿನ್ ಮುಖ್ಯವಾಗಿ ಗ್ರಂಥಿಯಿಂದ ರಕ್ತಕ್ಕೆ ಸುರಿಯುವ ಸಂದೇಶ, ಊರಿಗೆಲ್ಲ ಸಾರುವ ಡಂಗುರದಂತೆ; ನಾರ್‌ಅಡ್ರಿನಲಿನ್ ಮುಖ್ಯವಾಗಿ ನರದ ತುದಿಯಲ್ಲಿ ಆಯಾ ನಾಳದ ಕಿವಿಯಲ್ಲಿಯೇ ಉಸಿರುವ ಮಾತು.

ನರದ ತುದಿಯಲ್ಲಿ ಈ ವಸ್ತು ಪುಟ್ಟ ಪುಟ್ಟ ಚೀಲಗಳಲ್ಲಿ ದಾಸ್ತಾನಾಗಿರುವುದು. ನಮ್ಮ ಮಲೆನಾಡಿನ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಲ್ಪಟ್ಟ ರಿಸರ್ಪಿನ್ ರಕ್ತದೊತ್ತಡವನ್ನು ಇಳಿಸುವುದು ಈ ದಾಸ್ತಾನನ್ನು ಬರಿದುಮಾಡುವುದರಿಂದಲೇ. ಆ ಬೇರಿನ ಗುಣವನ್ನು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದು ಹೊರದೇಶಗಳ ಗಮನಕ್ಕೆ ತಂದವರು ಮುಂಬಯಿಯ ಡಾ. ರುಸ್ತುಂ ವಕೀಲರು. ಚೇಳಿನ ವಿಷ ಇದಕ್ಕೆ ನೇರ ಪ್ರತಿಲೋಮವಾದ ಕೆಲಸವನ್ನು ಮಾಡುವುದೆಂಬುದನ್ನು ಮುಂದೆ ಕಾಣುವೆವು.

ಮಾತು ಕೇಳಿಸಬೇಕಾದರೆ ಕಿವಿ ಬೇಕು. ಸ್ನಾಯುವಿನ ಜೀವಕೋಶದ ಪೊರೆಯಲ್ಲಿ ನಾರ್‌ಅಡ್ರಿನಲಿನ್ನಿಗೆ ಹೊಂದುವ ಪ್ರೋಟೀನುಗಳಿವೆ. ಇವನ್ನು ಗ್ರಾಹಿಗಳೆಂದು ಕರೆಯೋಣ. ಅಮೆರಿಕದ ರೇಮಂಡ್ ಆಲ್ಕ್ವಿಸ್ಟನು 1948ರಲ್ಲಿ ಈ ಗ್ರಾಹಿಗಳು ಆಲ್ಫಾ ಮತ್ತು ಬೀಟಾ ಎಂದು ಎರಡು ಬಗೆಯವು ಎಂದು ವಾದಿಸಿದನು. ಚರ್ಮ, ಕರುಳು, ಮೂತ್ರಪಿಂಡಗಳ ನಾಳಗಳಲ್ಲಿ ಆಲ್ಫಾ ಗ್ರಾಹಿಗಳದೇ ಮೇಲುಗೈ. ಅವು ಸಂಕೋಚನವನ್ನು ಉಂಟುಮಾಡುವುವು. ಹೃದಯದಲ್ಲಿ ಬೀಟಾ ಗ್ರಾಹಿಗಳು ಬಡಿತವನ್ನು ಚುರುಕುಗೊಳಿಸುವುವು. ಕೈಕಾಲುಗಳ ದೊಡ್ಡ ಸ್ನಾಯುಗಳಿಗೆ ಹೋಗುವ ನಾಳಗಳಲ್ಲಿಯೂ ಬೀಟಾ ಗ್ರಾಹಿಗಳುಂಟು; ಅಲ್ಲಿ ಅಡ್ರಿನಲಿನ್ ನಾಳವನ್ನು ಹಿಗ್ಗಿಸುವುದು. ಒಂದೇ ಸಂದೇಶಕ್ಕೆ ಎರಡು ವಿರುದ್ಧ ಫಲ! ವಿದ್ಯಾರ್ಥಿಗಳು ಇಲ್ಲಿ ಗೊಂದಲಪಡುವುದುಂಟು. ಅರ್ಥ ಮಾತಿನಲ್ಲಿಲ್ಲ, ಕೇಳುವವನಲ್ಲಿದೆ ಎಂದು ನೆನಪಿಟ್ಟರೆ ಗೊಂದಲ ಬಹುಮಟ್ಟಿಗೆ ಪರಿಹಾರವಾಗುವುದು.

ಆಲ್ಫಾ ಗ್ರಾಹಿಗೆ ನಾರ್‌ಅಡ್ರಿನಲಿನ್ ಅಂಟಿದ ಕೂಡಲೆ ಪೊರೆಯ ಒಳಮೈಯಲ್ಲಿರುವ ಒಂದು ಕಿಣ್ವ ಜಾಗೃತವಾಗಿ, ಪೊರೆಯ ಕೊಬ್ಬಿನ ಒಂದು ತುಣುಕನ್ನು ಕಡಿದು ಒಳಕ್ಕೆ ಬಿಡುವುದು. ಆ ತುಣುಕು ಜೀವಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣದ ಬಾಗಿಲನ್ನು ತೆರೆಯುವುದು. ಹೊರಗಿನಿಂದಲೂ ಕ್ಯಾಲ್ಸಿಯಂ ನುಗ್ಗಿಬರುವುದು. ಕ್ಯಾಲ್ಸಿಯಂ ಏರಿದಾಗ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ಮತ್ತೊಂದು ಕಿಣ್ವವನ್ನು ಚುರುಕುಗೊಳಿಸುವುದು. ಆ ಕಿಣ್ವ ಮಯೊಸಿನ್ ಎಳೆಗಳಿಗೆ ಫಾಸ್ಫೇಟನ್ನು ಜೋಡಿಸುವುದು. ಎಳೆಗಳು ಆಕ್ಟಿನ್ನಿನ ಮೇಲೆ ಜಾರಿ ಸ್ನಾಯು ಬಿಗಿಯುವುದು. ಸರಪಣಿ ಉದ್ದವಾಯಿತೆಂದು ವಾಚಕರಿಗೆ ಅನ್ನಿಸಬಹುದು. ಪ್ರತಿ ಕೊಂಡಿಯಲ್ಲಿಯೂ ಸಂದೇಶ ಹಲವು ಪಟ್ಟು ವೃದ್ಧಿಯಾಗುವುದರಿಂದಲೇ ರಕ್ತದಲ್ಲಿನ ಅತ್ಯಲ್ಪ ಅಡ್ರಿನಲಿನ್ ಇಡೀ ಶರೀರದ ಒತ್ತಡವನ್ನು ಬದಲಿಸಬಲ್ಲುದು.

ಬಿಗಿಯುವುದಕ್ಕೆ ಇಷ್ಟು ಏರ್ಪಾಡಿದ್ದ ಮೇಲೆ ತಡೆಯೂ ಇರಬೇಕಷ್ಟೆ. ಒಂದು ತಡೆ ಸ್ನಾಯುವಿನ ಜೀವಕೋಶದಲ್ಲಿಯೇ ಇದೆ. ಕ್ಯಾಲ್ಸಿಯಂ ಏರಿದಾಗ ಪೊರೆಯಲ್ಲಿನ ಒಂದು ಬಗೆಯ ದೊಡ್ಡ ಪೊಟ್ಯಾಸಿಯಂ ದ್ವಾರಗಳು ತೆರೆದು, ಪೊಟ್ಯಾಸಿಯಂ ಹೊರಗೆ ಹರಿದು, ಜೀವಕೋಶ ಶಾಂತವಾಗುವುದು. ಕ್ಯಾಲ್ಸಿಯಮ್ಮಿನ ಒಳಹರಿವು ತಗ್ಗುವುದು. ಈ ದ್ವಾರಗಳ ಕೆಲಸವನ್ನು ಲೋಕದ ಪ್ರಯೋಗಶಾಲೆಗಳಲ್ಲಿ ಶೋಧಿಸಲು ಬಳಸುವ ಅತ್ಯಂತ ನಿಖರವಾದ ಸಾಧನಗಳಲ್ಲೊಂದು ಐಬೀರಿಯೊಟಾಕ್ಸಿನ್ ಎಂಬ, 37 ಅಮೈನೋ ಆಮ್ಲಗಳ ಒಂದು ಸಣ್ಣ ಪ್ರೋಟೀನು. ಅದು ಈ ದ್ವಾರವನ್ನು ಬಿರಡೆಯಂತೆ ಮುಚ್ಚುವುದು. 1990ರಲ್ಲಿ ಅದನ್ನು ಬೇರ್ಪಡಿಸಿದ್ದು ನಮ್ಮ ಕೆಂಪು ಚೇಳಿನ ವಿಷದಿಂದಲೇ. ಒಟ್ಟಿಲಿನ ಸಂದಿಯಲ್ಲಿ ಅಡಗುವ ಜಂತುವಿಗೆ ರಕ್ತನಾಳಗಳ ಅಂತರಂಗ ಎಷ್ಟು ಪರಿಚಿತವೆಂಬುದನ್ನು ನೋಡಿದರೆ ಬೆರಗಾಗುವುದು.

ಮತ್ತೊಂದು ತಡೆ ನಾಳದ ಒಳಪೊರೆಯಿಂದ ಬರುವುದು. ಒಂದೇ ಪದರ ಜೀವಕೋಶಗಳ ಈ ಒಳಪೊರೆಯನ್ನು ಬಹುಕಾಲ ಕೇವಲ ಗಿಲಾವಿನಂತೆ ಭಾವಿಸಿದ್ದರು. ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟನು 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಳಪೊರೆ ಉಳಿದ ಅಪಧಮನಿಯ ತುಂಡು ಅಸಿಟೈಲ್‌ಕೋಲಿನ್ ತಾಗಿದಾಗ ಸಡಿಲಿತು. ಒಳಪೊರೆಯನ್ನು ಉಜ್ಜಿ ತೆಗೆದ ತುಂಡು ಸಡಿಲಲಿಲ್ಲ. ಒಳಪೊರೆ ಏನೋ ಒಂದನ್ನು ಸ್ನಾಯುವಿಗೆ ಕಳಿಸುತ್ತಿರಬೇಕೆಂದು ಅವನು ತರ್ಕಿಸಿದನು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಆ ದಶಕದಲ್ಲಿಯೇ ಸಿದ್ಧವಾಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮ್ಯುರಾಡ್ ಎಂಬ ಮೂವರಿಗೆ ನೊಬೆಲ್ ಬಹುಮಾನ ಬಂದಿತು. ಅದೇ ಒಳಪೊರೆ ಬಿಗಿಯುವ ಸಂದೇಶವನ್ನೂ ಕಳಿಸಬಲ್ಲುದು: 1988ರಲ್ಲಿ ಜಪಾನಿನ ಯಾನಗಿಸಾವ ಮತ್ತು ಸಂಗಡಿಗರು ಕಂಡುಹಿಡಿದ ಎಂಡೊಥೀಲಿನ್ ಅತ್ಯಂತ ಪ್ರಬಲವಾದ ಸಂಕೋಚಕಗಳಲ್ಲೊಂದು. ಪಶ್ಚಿಮ ಏಷ್ಯದ ಬಿಲವಾಸಿ ಹಾವೊಂದರ ವಿಷದಲ್ಲಿರುವ ಪ್ರೋಟೀನಿಗೂ ಇದಕ್ಕೂ ಒಡಹುಟ್ಟಿದವರಷ್ಟು ಹೋಲಿಕೆಯಿದೆ.

ಮೂತ್ರಪಿಂಡದಿಂದ ಹೊರಡುವ ರೆನಿನ್, ಅದರಿಂದ ಉಂಟಾಗುವ ಆಂಜಿಯೊಟೆನ್ಸಿನ್, ಪಿಟ್ಯುಟರಿಯ ವ್ಯಾಸೊಪ್ರೆಸಿನ್ ಇವೂ ಸಂಕೋಚಕಗಳೇ. ಆದರೆ ಇವುಗಳ ಕೆಲಸ ನಿಧಾನ. ನೀರು ಉಪ್ಪುಗಳ ಲೆಕ್ಕಾಚಾರದೊಡನೆ ಹೆಣೆದುಕೊಂಡದ್ದು. ನರಗಳ ಸಂದೇಶ ಕ್ಷಣಗಳಲ್ಲಿ ಮುಗಿಯುವಂಥದು. ನಾವು ಮಲಗಿದ್ದವರು ಎದ್ದು ನಿಂತಾಗ ರಕ್ತ ಕಾಲುಗಳತ್ತ ಇಳಿದು ತಲೆ ಸುತ್ತದಂತೆ ಕಾಯುವುದು ಇದೇ. ಹಿಂದೆ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಕಪ್ಪೆಯ ಕಾಲಿನ ಜಾಲವನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒಂದು ತೊಟ್ಟು ಅಡ್ರಿನಲಿನ್ ಹಾಕಿ, ನಾಳಗಳು ಕಣ್ಣೆದುರಿಗೇ ಕಿರಿದಾಗುವುದನ್ನು ತೋರಿಸುತ್ತಿದ್ದರು. ಇಂದು ಪ್ರಾಣಿಪ್ರಯೋಗದ ನಿಯಮಗಳಿಂದಾಗಿ ಗಣಕಯಂತ್ರದ ತೆರೆಯ ಮೇಲೆ ಆ ಆಟವನ್ನು ನೋಡುವಂತಾಗಿದೆ. ನಿಯಮ ನ್ಯಾಯವಾದುದೇ. ಆದರೂ ವಿದ್ಯಾರ್ಥಿಗೆ ತನ್ನ ಕೈಯೇ ಇದೆಯಷ್ಟೆ: ಉಗುರನ್ನು ಒತ್ತಿ ಬಿಟ್ಟು ಕೆಂಪು ಮರಳುವ ಹೊತ್ತನ್ನು ಗಮನಿಸಲಿ, ಅನಂತರ ಕೈಯನ್ನು ತಣ್ಣೀರಿನಲ್ಲಿ ಕೆಲಕಾಲ ಇಟ್ಟು ಮತ್ತೆ ಗಮನಿಸಲಿ. ಎರಡನೆಯ ಸಲ ಕೆಂಪು ಮರಳಲು ತಡವಾದರೆ ಅದಕ್ಕೆ ಕಾರಣ ಈವರೆಗೆ ವರ್ಣಿಸಿದ ಸರಪಣಿಯೇ.

ಈಗ ಚೇಳಿನ ಬಳಿಗೆ ಹಿಂದಿರುಗೋಣ. ಅದರ ವಿಷದಲ್ಲಿ ಅನೇಕ ಸಣ್ಣ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದು ವರ್ಗ ನರತಂತುಗಳ ಸೋಡಿಯಂ ದ್ವಾರಗಳನ್ನು ಹಿಡಿಯುವುದು. ನರದಲ್ಲಿ ಸಂದೇಶ ಹರಿಯುವಾಗ ಈ ದ್ವಾರಗಳು ತೆರೆದು, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ತಾವಾಗಿ ಮುಚ್ಚಿಕೊಳ್ಳಬೇಕು. ವಿಷ ತಗುಲಿದ ದ್ವಾರ ಬೇಗ ಮುಚ್ಚಲಾರದು. ಮತ್ತೊಂದು ವರ್ಗ ನರವನ್ನು ಶಾಂತಗೊಳಿಸಬೇಕಾದ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿಬಿಡುವುದು. ಒಂದು ಕಡೆ ಬಾಗಿಲು ಹಾಕದಂತೆ ಹಿಡಿದು, ಮತ್ತೊಂದು ಕಡೆ ಬಾಗಿಲು ತೆರೆಯದಂತೆ ಅಗಳಿಯಿಟ್ಟಂತಾಯಿತು. ಫಲವಾಗಿ ನರಗಳು ಯಾರೂ ಕೇಳದಿದ್ದರೂ ಮತ್ತೆ ಮತ್ತೆ ಸಿಡಿಯತೊಡಗಿ, ತುದಿಗಳಲ್ಲಿನ ದಾಸ್ತಾನೆಲ್ಲ ಹೊರಬೀಳುವುದು. ಅಡ್ರಿನಲ್ ಗ್ರಂಥಿಯೂ ತನ್ನ ಪಾಲನ್ನು ರಕ್ತಕ್ಕೆ ಸುರಿಯುವುದು. ವೈದ್ಯರು ಇದನ್ನು ಸ್ವಾಯತ್ತ ನರಗಳ ಬಿರುಗಾಳಿಯೆಂದು ಕರೆದಿರುವುದು ಉಚಿತವಾಗಿಯೇ ಇದೆ.

ಬಿರುಗಾಳಿ ಒಂದು ಕ್ರಮವನ್ನು ಅನುಸರಿಸುವುದು. ಮೊದಲು ಅಸಿಟೈಲ್‌ಕೋಲಿನ್ನಿನ ಆಟ: ವಾಂತಿ, ಜೊಲ್ಲು, ಮೈಯೆಲ್ಲ ತೊಯ್ದುಹೋಗುವಷ್ಟು ಬೆವರು, ಗಂಡುಮಕ್ಕಳಲ್ಲಿ ಜನನೇಂದ್ರಿಯದ ಉದ್ರಿಕ್ತತೆ. ಅದರ ಜೊತೆಗೂ ಅದರ ಹಿಂದೆಯೂ ನಾರ್‌ಅಡ್ರಿನಲಿನ್ನಿನ ಪ್ರಭಾವ: ಕೈಕಾಲು ಮಂಜಿನಂತೆ ತಣ್ಣಗಾಗುವುದು, ಒತ್ತಡ ಏರುವುದು, ಎದೆ ಹೊಡೆದುಕೊಳ್ಳುವುದು. ತಣ್ಣನೆಯ ಬೆವರು ಎಂದು ನಾವು ಲೋಕರೂಢಿಯಲ್ಲಿ ಹೇಳುವ ಮಾತಿನ ಶಾಸ್ತ್ರಾರ್ಥ ಇಲ್ಲಿ ಸ್ಪಷ್ಟವಾಗುವುದು. ಬೆವರಿನ ಗ್ರಂಥಿಗೂ ಚರ್ಮದ ರಕ್ತನಾಳಕ್ಕೂ ಹೋಗುವ ನರಗಳೆರಡೂ ಅನುವೇದನಾ ನರಗಳೇ. ಆದರೆ ಮೊದಲನೆಯದು ಅಸಿಟೈಲ್‌ಕೋಲಿನ್ನನ್ನು ಬಿಡುವುದು, ಎರಡನೆಯದು ನಾರ್‌ಅಡ್ರಿನಲಿನ್ನನ್ನು. ಸಹಜವಾಗಿ ಬಿಸಿಲಿನಲ್ಲಿ ಬೆವರುವವನ ಚರ್ಮ ಬೆಚ್ಚಗಿರುವುದು. ಬೆವರೂ ಶೀತವೂ ಒಂದೇ ಚರ್ಮದಲ್ಲಿ ಕೂಡಿದರೆ ಎರಡು ಬಗೆಯ ತುದಿಗಳೂ ಏಕಕಾಲದಲ್ಲಿ ಬರಿದಾಗುತ್ತಿವೆ ಎಂದರ್ಥ.

ಕಳ್ಳನಿಗೆ ಚೇಳು ಕುಟುಕಿದ ಗಾದೆ ನಮಗೆಲ್ಲ ಗೊತ್ತು. ನೋವು ತಡೆಯದೆಯೂ ಕೂಗಲಾರದವನ ಪಾಡು ಅದು. ನೋವೇ ಅಪಾಯದ ಅಳತೆಯೆಂಬ ನಂಬಿಕೆ ಜನರಲ್ಲಿ ಸಹಜ. ವೈದ್ಯರ ಅನುಭವ ಇದಕ್ಕೆ ವ್ಯತಿರಿಕ್ತವಾದುದು. ಕುಟುಕಿದೆಡೆ ಅಸಹ್ಯವಾದ ನೋವಿದ್ದು, ಕೈಕಾಲು ಬೆಚ್ಚಗಿದ್ದು, ವಾಂತಿ ಬೆವರುಗಳಿಲ್ಲದಿದ್ದರೆ ಸಾಮಾನ್ಯವಾಗಿ ಪ್ರಾಣಭಯ ಕಡಮೆ. ನೋವು ಅಲ್ಪವಾಗಿದ್ದು ಮಗು ವಾಂತಿಮಾಡಿಕೊಂಡು ಬೆವರಿ ತಣ್ಣಗಾಗುತ್ತಿದ್ದರೆ ಅದೇ ಭಯದ ಸ್ಥಿತಿ. ಹಳ್ಳಿಗಳಲ್ಲಿ ಮಂತ್ರ ಹಾಕಿಸುವ ಪದ್ಧತಿ ಬಾಳಿಕೊಂಡು ಬಂದುದರ ರಹಸ್ಯವೂ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ನೋವಿನಿಂದ ಕೂಗುವವನು ಮಂತ್ರವಿಲ್ಲದೆಯೂ ಕೆಲವು ಗಂಟೆಗಳಲ್ಲಿ ಚೇತರಿಸಿಕೊಳ್ಳುವನು; ಮಂತ್ರಕ್ಕೆ ಯಶಸ್ಸು ಬರುವುದು. ಸದ್ದಿಲ್ಲದೆ ತಣ್ಣಗಾಗುವ ಮಗುವಿನ ಪಾಲಿಗೆ ಮಾತ್ರ ಆ ಗಂಟೆಗಳೇ ಬೆಲೆಯುಳ್ಳವು.

ಆ ಗಂಟೆಗಳಲ್ಲಿ ಒಳಗೆ ನಡೆಯುವುದೇನು? ಶರೀರದಾದ್ಯಂತ ಕಿರು ಅಪಧಮನಿಗಳು ಬಿಗಿದು ಪ್ರತಿರೋಧ ಅತಿಯಾಗಿ ಏರಿದೆ. ನಾಲ್ಕನೆಯ ಘಾತದ ನಿಯಮವನ್ನು ಇಲ್ಲಿ ಮತ್ತೆ ಸ್ಮರಿಸಬೇಕು. ಎಡ ಹೃತ್ಕುಕ್ಷಿ ಈ ಬಿಗಿದ ನಾಳಗಳ ವಿರುದ್ಧ ರಕ್ತವನ್ನು ನೂಕಬೇಕು. ಅದೇ ವೇಳೆಗೆ ಅಭಿಧಮನಿಗಳೂ ಬಿಗಿದು ಹೃದಯಕ್ಕೆ ಹೆಚ್ಚು ರಕ್ತವನ್ನು ಅಟ್ಟುತ್ತಿವೆ. ಅತಿಯಾದ ಅಡ್ರಿನಲಿನ್ ವರ್ಗದ ವಸ್ತುಗಳಿಂದ ಹೃದಯದ ಸ್ನಾಯುವೂ ಘಾಸಿಗೊಂಡಿದೆ. ಮುಂದಿನ ದಾರಿ ಮುಚ್ಚಿ ಹಿಂದಿನಿಂದ ನೀರು ನುಗ್ಗಿದ ಕಾಲುವೆಯಂತೆ ರಕ್ತ ಶ್ವಾಸಕೋಶಗಳಲ್ಲಿ ಒತ್ತರಿಸಿ, ಅದರ ದ್ರವಾಂಶ ಗಾಳಿಗೂಡುಗಳಿಗೆ ಜಿನುಗುವುದು. ಕೆಮ್ಮು, ಏದುಸಿರು, ಬಾಯಲ್ಲಿ ನಸುಗೆಂಪಿನ ನೊರೆ. ರೋಗಿ ತನ್ನ ಶರೀರದ ದ್ರವದಲ್ಲಿಯೇ ಮುಳುಗುತ್ತಿರುವಂತೆ. ವಿಷ ಶ್ವಾಸಕೋಶವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾಳಗಳ ಬಿಗಿತವೇ ಬಹುಪಾಲು ಈ ಕಾರ್ಯವನ್ನು ಮುಗಿಸುವುದು.

ಈ ಚಿತ್ರವನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಓದಿದವರು ಡಾ. ಹಿಮ್ಮತರಾವ್ ಬಾವಸ್ಕರ್. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಬಳಿ ಬಿರವಾಡಿಯ ಪ್ರಾಥಮಿಕ ಆರೋಗ್ಯಕೇಂದ್ರಕ್ಕೆ 1970ರ ದಶಕದಲ್ಲಿ ಬಂದ ಈ ತರುಣ ವೈದ್ಯರು, ಕೆಂಪು ಚೇಳು ಕುಟುಕಿ ಬಂದವರಲ್ಲಿ ಅನೇಕರು ಶ್ವಾಸಕೋಶಗಳಲ್ಲಿ ನೀರು ತುಂಬಿ ಸಾಯುವುದನ್ನು ಕಂಡರು. ಗಂಭೀರವಾಗಿ ವಿಷವೇರಿದವರಲ್ಲಿ ಆಗ ಶೇಕಡ 30ರ ಸುಮಾರು ಮಂದಿ ಸಾಯುತ್ತಿದ್ದರು. ವಿದ್ಯುತ್ ಹೃಲ್ಲೇಖನವೇ ಅಪರೂಪವಾಗಿದ್ದ ಹಳ್ಳಿಯಲ್ಲಿ ಅವರು ರೋಗಿಗಳ ಬಳಿ ರಾತ್ರಿಯೆಲ್ಲ ಕುಳಿತು ನಾಡಿ, ಒತ್ತಡ, ಕೈಕಾಲುಗಳ ಶಾಖ ಇವನ್ನು ಬರೆದಿಟ್ಟರು. ಅಪಾಯದ ಮುನ್ಸೂಚನೆಗಳನ್ನು ಕುರಿತ ಅವರ ಬರೆಹ 1982ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗದ ಮೂಲ ಆಲ್ಫಾ ಗ್ರಾಹಿಗಳ ಅತಿಪ್ರಚೋದನೆಯಾದರೆ, ಆ ಗ್ರಾಹಿಗಳನ್ನು ಮುಚ್ಚುವ ಔಷಧವೇ ಮದ್ದಾಗಬೇಕು. ಅಂಥದೊಂದು ಗುಳಿಗೆ ರಕ್ತದೊತ್ತಡಕ್ಕೆಂದು ಆಗಲೇ ಅಂಗಡಿಗಳಿಗೆ ಬಂದಿತ್ತು: ಪ್ರಾಜೊಸಿನ್. 1986ರಲ್ಲಿ ಅವರು ಅದರ ಫಲವನ್ನು ಅದೇ ಪತ್ರಿಕೆಯಲ್ಲಿ ವರದಿಮಾಡಿದರು. ಈ ಚಿಕಿತ್ಸೆ ರೂಢಿಗೆ ಬಂದ ಮೇಲೆ, ಸಕಾಲಕ್ಕೆ ತಲಪಿದ ರೋಗಿಗಳಲ್ಲಿ ಮರಣ ಶೇಕಡ 1ಕ್ಕಿಂತ ಕೆಳಗಿಳಿಯಿತು. ಭಾರತ ಸರ್ಕಾರ 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು.

ಪ್ರಾಜೊಸಿನ್ನಿನ ತತ್ತ್ವ ಹೊಸದಲ್ಲ. ಹೆನ್ರಿ ಡೇಲನು 1906ರಲ್ಲಿಯೇ, ಧಾನ್ಯದ ಅರ್ಗಟ್ ಬೂಷ್ಟಿನ ಸಾರವನ್ನು ಮೊದಲು ಕೊಟ್ಟು ಅನಂತರ ಅಡ್ರಿನಲಿನ್ ಕೊಟ್ಟರೆ, ಒತ್ತಡ ಏರುವ ಬದಲು ಇಳಿಯುವುದೆಂದು ಕಂಡಿದ್ದನು. ಅವನ ಕಾಲಕ್ಕೆ ಅದೊಂದು ಒಗಟು. ಆಲ್ಫಾ ಕಿವಿಗಳು ಮುಚ್ಚಿಹೋಗಿ ಬೀಟಾ ಕಿವಿಗಳು ಮಾತ್ರ ಉಳಿದದ್ದೇ ಕಾರಣವೆಂದು ಆಲ್ಕ್ವಿಸ್ಟನ ಬಳಿಕ ಸ್ಪಷ್ಟವಾಯಿತು. ಡೇಲನ ಒಗಟಿಗೂ ಮಹಾಡಿನ ಮಕ್ಕಳು ಬದುಕಿ ಉಳಿದುದಕ್ಕೂ ನಡುವೆ 80 ವರ್ಷಗಳ ಅಂತರವಿದೆ. ಗ್ರಾಹಿಗಳ ಪಾಠವನ್ನು ಪರೀಕ್ಷೆಗೆಂದು ಮಾತ್ರ ಓದುವ ನಮ್ಮ ವಿದ್ಯಾರ್ಥಿಗಳಿಗೆ ನಾನು ಈ ಕಥೆಯನ್ನು ಹೇಳುವುದುಂಟು.

ಇದೇ ತಿಳಿವಳಿಕೆಯಿಂದ ಏನನ್ನು ಮಾಡಬಾರದೆಂಬುದೂ ನಿಶ್ಚಯವಾಗುವುದು. ಎದೆ ಹೊಡೆದುಕೊಳ್ಳುತ್ತಿದೆಯೆಂದು ಬೀಟಾ ಗ್ರಾಹಿಗಳನ್ನು ಮಾತ್ರ ಮುಚ್ಚಿದರೆ, ಸ್ನಾಯುಗಳ ನಾಳಗಳನ್ನು ಹಿಗ್ಗಿಸುತ್ತಿದ್ದ ಒಂದು ಅನುಕೂಲವೂ ತಪ್ಪಿ, ಆಲ್ಫಾ ಸಂಕೋಚನಕ್ಕೆ ಎದುರಿಲ್ಲದಂತಾಗುವುದು. ಬೆವರು, ಜೊಲ್ಲು ನಿಲ್ಲಿಸಲು ಅಟ್ರೊಪಿನ್ ಕೊಟ್ಟರೆ, ಹೃದಯದ ವೇಗಕ್ಕೆ ಇದ್ದ ಲಗಾಮೂ ಕಳಚುವುದು. ಪ್ರಾಜೊಸಿನ್ನನ್ನೂ ಎಚ್ಚರವಿಲ್ಲದೆ ಕೊಡುವಂತಿಲ್ಲ. ಎದ್ದು ನಿಂತಾಗ ತಲೆಗೆ ರಕ್ತವನ್ನು ಕಾಯುವುದು ನಾಳಗಳ ಬಿಗಿತವೆಂದು ಮೇಲೆ ಹೇಳಿದೆಯಷ್ಟೆ. ಆ ಬಿಗಿತವನ್ನು ಕಳೆದ ಮೇಲೆ ಮಗುವನ್ನು ಎತ್ತಿ ನಿಲ್ಲಿಸಿದರೆ ಒತ್ತಡ ಕುಸಿಯಬಹುದು. ಆದುದರಿಂದ ಮಲಗಿಸಿಯೇ ಇಟ್ಟು, ವಾಂತಿ ಬೆವರುಗಳಿಂದ ಹೋದ ನೀರನ್ನು ತುಂಬುತ್ತ, ವೈದ್ಯರ ಕಣ್ಗಾವಲಿನಲ್ಲಿ, ಮಕ್ಕಳಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 30 ಮೈಕ್ರೋಗ್ರಾಮಿನ ಲೆಕ್ಕದಲ್ಲಿ ಅದನ್ನು ಕೊಡುವರು. ಕುಟುಕಿದೆಡೆಯನ್ನು ಕೊಯ್ಯುವುದರಿಂದಾಗಲಿ ಹಗ್ಗ ಬಿಗಿಯುವುದರಿಂದಾಗಲಿ ಈಗಾಗಲೇ ಹೊರಟ ಸಂದೇಶಗಳು ಹಿಂದಿರುಗಲಾರವು.

ವಿಷಕ್ಕೆ ಪ್ರತಿವಿಷವನ್ನು ಕೊಡಬಾರದೇ ಎಂದು ವಾಚಕರು ಕೇಳಬಹುದು. ಪ್ರತಿವಿಷ ಇದೆ, ಮುಂಬಯಿಯ ಹಾಫ್ಕಿನ್ ಸಂಸ್ಥೆ ಅದನ್ನು ಸಿದ್ಧಪಡಿಸಿತು. ಅದು ಇನ್ನೂ ತಿರುಗಾಡುತ್ತಿರುವ ವಿಷವನ್ನು ಹಿಡಿಯಬಲ್ಲುದು, ನರಗಳಿಂದ ಆಗಲೇ ಸುರಿದ ನಾರ್‌ಅಡ್ರಿನಲಿನ್ನನ್ನು ಹಿಡಿಯಲಾರದು. ಪ್ರಾಜೊಸಿನ್ ಸಂದೇಶದ ಕಿವಿಯನ್ನು ಮುಚ್ಚಬಲ್ಲುದು, ಸಂದೇಶ ಹೊರಡಿಸುವ ವಿಷವನ್ನು ಮುಟ್ಟಲಾರದು. ಎರಡೂ ಕೂಡಿದರೆ ಹೇಗೆ? ಬಾವಸ್ಕರ್ ದಂಪತಿಗಳು ಮಹಾಡಿನಲ್ಲಿ 70 ಮಂದಿ ರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ ನೋಡಿದ ಪರೀಕ್ಷೆ 2011ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಎರಡನ್ನೂ ಪಡೆದ 35 ಮಂದಿಯಲ್ಲಿ 32 ಮಂದಿ ಹತ್ತು ಗಂಟೆಗಳೊಳಗೆ ಪೂರ್ಣವಾಗಿ ಚೇತರಿಸಿಕೊಂಡರು. ಪ್ರಾಜೊಸಿನ್ ಮಾತ್ರ ಪಡೆದ 35 ಮಂದಿಯಲ್ಲಿ ಅಷ್ಟು ಹೊತ್ತಿಗೆ ಚೇತರಿಸಿಕೊಂಡವರು 8 ಮಂದಿ.

ನಾಗಮಂಗಲ ತಾಲ್ಲೂಕಿನಲ್ಲಿ ಈಗ ಬಿ.ಜಿ. ನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮಂಡ್ಯ ಮೈಸೂರುಗಳೂ ಇಂದು ಅಷ್ಟು ದೂರವೆನಿಸುವುದಿಲ್ಲ. ಪ್ರಾಜೊಸಿನ್ ಬೆಲೆಬಾಳುವ ಔಷಧವೂ ಅಲ್ಲ. ಹೊಣಕೆರೆಯಂಥ ಹೋಬಳಿಯಲ್ಲಿ ರಾತ್ರಿಯ ಹೊತ್ತು ಕುಟುಕಿಸಿಕೊಂಡ ಮಗುವಿನ ವಿಷಯದಲ್ಲಿ ಉಳಿಯುವ ಪ್ರಶ್ನೆಯೆಂದರೆ, ಮನೆಯವರು ನೋವನ್ನು ನೋಡಿ ಹೊರಡುವರೋ, ಪಾದವನ್ನು ಮುಟ್ಟಿ ನೋಡಿ ಹೊರಡುವರೋ ಎಂಬುದು. ವೈದ್ಯರು ಮುಟ್ಟಿ ನೋಡುವುದೂ ಅದನ್ನೇ. ಔಷಧ ಕೊಟ್ಟ ಮೇಲೆ ಅವರು ಎಡೆಬಿಡದೆ ಪಾದಗಳನ್ನು ಮುಟ್ಟಿ ನೋಡುತ್ತಿರುವರು. ಕೆಲವು ಗಂಟೆಗಳ ಬಳಿಕ ಬೆವರು ಆರಿ, ಬೆರಳುಗಳ ತುದಿಯಲ್ಲಿ ಶಾಖ ಮರಳಿದರೆ, ಚರ್ಮದ ಕಿರು ಅಪಧಮನಿಗಳು ಮತ್ತೆ ತಮ್ಮ ಸಹಜವಾದ ಅರೆಬಿಗಿತಕ್ಕೆ ಬಂದಿವೆ ಎಂದು ತಿಳಿಯಬಹುದು.